ದ್ರೌಪದಿಯ ಠರಾವು, ನಜಮುನ್ನಿಸಾಳ ಸೊಲ್ಲು

ಊರಿಗೆ ಒಳ್ಳೆಯದೊಂದು ಬಂದರೆ ಅದು ಯಾರ ಅಂಗಳದಲ್ಲಿ ಇಳಿಯುತ್ತದೆ ಎಂಬುದನ್ನು ಮೊದಲು ನೋಡಬೇಕು. ಆಳಂದ ತಾಲೂಕಿನ ಮಟಕಿಗೆ ಬಂದ ರೊಟ್ಟಿ ಯಂತ್ರ ಇಳಿದದ್ದು ಗೌಡರ ಮನೆತನದ ಮಹಾನಂದಾ ಅವರ ವಾಡೆಯಲ್ಲಿ.

ಯಂತ್ರ ಮಹಾನಂದಾ ಅವರದಲ್ಲ. ಊರಿನ ಮಹಿಳಾ ಸಂಘಗಳೆಲ್ಲ ಸೇರಿ ಕಟ್ಟಿಕೊಂಡ ಒಕ್ಕೂಟದ್ದು. ಜೋಳದ ಹಿಟ್ಟು ನಾದಿಕೊಂಡು ಹೋದರೆ ಸಾಕು, ಯಂತ್ರ ರೊಟ್ಟಿ ತಟ್ಟಿಕೊಡುತ್ತದೆ. ಸುಟ್ಟ ರೊಟ್ಟಿಗಳು ಆಳಂದದ ಖಾನಾವಳಿಗಳಿಗೆ ಹೋಗುತ್ತವೆ. ಒಕ್ಕೂಟದ ಅಧ್ಯಕ್ಷೆ ಮಹಾನಂದಾ, “ನಮ್ಮ ಪಡಸಾಲಿ ಖಾಲಿನೇ ಅದ, ಕರೆಂಟೂ ಅದ. ಇಲ್ಲೇ ಇರಲಿ ಬಿಡ್ರಿ” ಎಂದಿದ್ದರು. ಕೆಟ್ಟ ಮನಸ್ಸಿನಿಂದ ಅಂದ ಮಾತೇನಲ್ಲ ಅದು. ಆದರೆ ವಾಡೆಯ ಹೊಸ್ತಿಲು ಎತ್ತರದ್ದು. ಬುದ್ಧ ವಿಹಾರದ ಓಣಿಯ ಹೆಂಗಸರು ಹಿಟ್ಟಿನ ಬೋಗಾಣಿ ಹಿಡಿದು ಬಂದವರು ಆ ಹೊಸ್ತಿಲ ಹೊರಗೇ ನಿಲ್ಲುತ್ತಿದ್ದರು. ಯಾರಾದರೂ ಬಂದು ಬೋಗಾಣಿ ಒಳಗೆ ಒಯ್ಯಬೇಕು. ಒಳಗಿನವರದೆಲ್ಲ ಮುಗಿದ ಮೇಲೆ ಇವರ ಪಾಳಿ. ಅಷ್ಟರಲ್ಲಿ ಕರೆಂಟು ಹೋಗಿರುತ್ತಿತ್ತು, ಹಿಟ್ಟು ಹುಳಿ ಬಂದಿರುತ್ತಿತ್ತು. ಅದೇ ಓಣಿಯ ದ್ರೌಪದಿಯ ಸೊಸೆ ಹಾಗೆ ಹುಳಿ ಹಿಟ್ಟು ಹೊತ್ತು ಮನೆಗೆ ಮರಳಿದ್ದನ್ನು ನಜಮುನ್ನಿಸಾ ತನ್ನ ಕಣ್ಣಾರೆ ಕಂಡಿದ್ದಳು. ಕಂಡು, ಸೆರಗು ಎಳೆದುಕೊಂಡು ಮುಂದೆ ಹೋಗಿದ್ದಳು.

ನಜಮುನ್ನಿಸಾ ಮತ್ತು ದ್ರೌಪದಿ ಚಿಕ್ಕಂದಿನ ಜೋಡಿ. ಅದಕ್ಕೆ ಕಾರಣ ಅವರ ಅಪ್ಪಂದಿರು. ನಜಮುನ್ನಿಸಾಳ ಅಪ್ಪ ದಾವಲಸಾಬ ಮೊಹರಮ್ಮಿನಲ್ಲಿ ಅಲಾವಿಯ ಬೆಂಕಿ ಕುಣಿಯ ಮುಂದೆ ನಿಂತು ಕರ್ಬಲಾದ ರಿವಾಯತ ಪದ ಹಾಡುವವನು. ದ್ರೌಪದಿಯ ಅಪ್ಪ ಭೀಮಶಾ ಅವನ ಹಿಂದೆ ನಿಂತು ಸೊಲ್ಲು ಹಿಡಿಯುವವನು. ದಾವಲಸಾಬ ಒಂದು ಸೊಲ್ಲು ಎತ್ತಿ ಬಿಟ್ಟ ಕೂಡಲೇ ಭೀಮಶಾ ಅದನ್ನು ಹಿಡಿದು ತಿರುಗಿ ಹಾಡಬೇಕು. ಆಗಲೇ ಹೆಜ್ಜೆ ಏಳುವುದು, ಪದ ಮುಂದೆ ಸಾಗುವುದು. ಹುಡುಗಿಯರಿಬ್ಬರೂ ಬೇವಿನ ಗಿಡದ ಕಟ್ಟೆಯ ಮೇಲೆ ಒಂದೇ ಚಾದರ ಹೊದ್ದು ಕೇಳುತ್ತಿದ್ದರು. ಭೀಮಶಾ ಈಗಿಲ್ಲ. ದಾವಲಸಾಬನಿಗೆ ಕಣ್ಣು ಮಂಜು, ಆದರೆ ಕಿವಿ ಇನ್ನೂ ಚುರುಕು.

ಒಕ್ಕೂಟದ ಸಭೆಯ ಹಿಂದಿನ ದಿನ ಇಬ್ಬರೂ ಹೊಲದಲ್ಲಿ ತೊಗರಿಯ ಕುಡಿ ಚಿವುಟುತ್ತಿದ್ದರು.

“ನಜಮಾ, ನಾಳಿ ಸಭಾದಾಗ ನಾ ಎದ್ದ ನಿಂದ್ರತೇನಿ,” ಎಂದಳು ದ್ರೌಪದಿ. “ಯಂತ್ರ ಸಮುದಾಯ ಭವನಕ್ಕ ಬರಲಿ ಅಂತ ಠರಾವು ಇಡ್ತೇನಿ. ಭವನ ಎಲ್ಲಾರದು. ಅಲ್ಲಿ ಯಾರೂ ಹೊರಗ ನಿಂದ್ರೂದು ಬ್ಯಾಡ.”

“ಇಡಕ್ಕ. ಖರೇನೇ ಅದ.”

“ಮಾತೆಲ್ಲಾ ನಾನೇ ಆಡ್ತೇನಿ. ನಿನ್ನಿಂದ ಒಂದೇ ಬೇಕು. ‘ಅನುಮೋದನೆ ಯಾರದು’ ಅಂತ ಕೇಳ್ತಾರ. ‘ನಂದು’ ಅನ್ನು. ಅಷ್ಟ ಸಾಕು.”

“ಅಷ್ಟೇ ಏನು? ಅಂತೇನಿ ಬಿಡು. ನನ್ನ ಮ್ಯಾಲ ಭರೋಸಾ ಇಡು.”

ದ್ರೌಪದಿ ಭರವಸೆ ಇಟ್ಟಳು.

ಸಂಜೆ ಚಹಾ ಕುಡಿಯುವಾಗ ನಜಮುನ್ನಿಸಾ ಈ ಮಾತನ್ನು ಗಂಡ ಯಾಸೀನನ ಮುಂದೆ ತೆಗೆದಳು. ಯಾಸೀನ ಚಹಾದ ಬಸಿಯನ್ನು ಕೆಳಗೆ ಇಟ್ಟ.

“ಎರಡನೇ ಹೆಸರು ಕೊಡ್ತಿ ಏನು? ತೌಬಾ! ಯಡ್ರಾಮ್ಯಾಗ ಸೊಹೇಲನ ನಿಕಾಕ್ಕ ನಾ ಗವಾ ಆದದ್ದು ಮರತಿ?”

ಮರೆಯುವಂತಿರಲಿಲ್ಲ ಅದು. ನಿಕಾಹ್ ದಿನ ಸಾಕ್ಷಿಗೆ ಒಬ್ಬರು ಕಡಿಮೆ ಬಿದ್ದರೆಂದು ಯಾಸೀನನನ್ನು ಕರೆದು ಕೂರಿಸಿದ್ದರು. ವರ್ಷ ತುಂಬುವಷ್ಟರಲ್ಲಿ ಆ ಮದುವೆ ಮುರಿಯಿತು. ಗಂಡಿನ ಕಡೆಯವರು ಬಂದು, “ನೀ ಗವಾ ಇದ್ದಿ, ನೀನೇ ಹೇಳು” ಎಂದರು. ಹೆಣ್ಣಿನ ಕಡೆಯವರೂ ಬಂದು ಅದನ್ನೇ ಅಂದರು. ಜಮಾತಿನ ಹಿರಿಯರ ಮುಂದೆ ಯಾಸೀನ ಕೈಕಟ್ಟಿ ನಿಂತು ನಿಂತು ಸಾಕಾಗಿಹೋಗಿದ್ದ.

“ಬಿರಿಯಾನಿ ಉಂಡದ್ದು ಒಂದ್ಹೊತ್ತು, ಬೈಗುಳ ಉಂಡದ್ದು ವರ್ಷಗಟ್ಟಲೆ,” ಎಂದ ಯಾಸೀನ. “ಮೊದಲನೇ ಹೆಸರಿನವ ತಪ್ಪಿಸ್ಕೋತಾನ. ಎರಡನೇ ಹೆಸರಿನವನ ಅಂಗಿ ಕೈಗೆ ಸಿಗ್ತದ. ನಾಳಿ ಯಂತ್ರ ಕೆಟ್ಟಿತು ಅಂದ್ರ, ಕಳುವಾತು ಅಂದ್ರ, ಮಹಾನಂದಾ ಗೌಡ್ತಿ ಯಾರ ಬಾಗಲಿಗೆ ಬರ್ತಾರ? ನಿನ್ನ ಬಾಗಲಿಗೆ!”

ನಜಮುನ್ನಿಸಾಳ ಎದೆಯಲ್ಲಿ ಅಂಜಿಕೆ ಹೊಕ್ಕಿತು. ಒಳಗೆ ಹೊಕ್ಕ ಅಂಜಿಕೆ ನೆಂಟರಂತೆ, ತಾನಾಗಿ ಎದ್ದು ಹೋಗುವುದಿಲ್ಲ.

ಮರುದಿನ ಸಮುದಾಯ ಭವನದಲ್ಲಿ ಜಮಖಾನೆ ಹಾಸಿದ್ದರು. ಓಣಿ ಓಣಿಯ ಹೆಂಗಸರು ಬಂದು ಕೂತರು. ಸಭೆಯ ನಡಾವಳಿ ಬರೆಯುವ ಸುಮಂಗಲಾ ಗೋಡೆಗೆ ಒರಗಿ ಪೆನ್ನು ತೆರೆದಳು. ಮಾತಿನ ನಡುವೆ ದ್ರೌಪದಿ ಎದ್ದು ನಿಂತಳು.

“ಅಧ್ಯಕ್ಷರ, ರೊಟ್ಟಿ ಯಂತ್ರ ವಾಡೇದಿಂದ ಈ ಭವನಕ್ಕ ತರಬೇಕು ಅಂತ ನಾ ಠರಾವು ಇಡ್ತೇನ್ರಿ.”

ಮಹಾನಂದಾ ಅವರ ಹುಬ್ಬು ಮೇಲೇರಿತು. ಆದರೂ ಪದ್ಧತಿ ತಪ್ಪಲಿಲ್ಲ.

“ಆತು. ಇದಕ್ಕ ಅನುಮೋದನೆ ಯಾರದರ ಅದ ಏನು?”

ಮೇಲೆ ಫ್ಯಾನು ಕಟಕಟ ಎನ್ನುತ್ತಿತ್ತು. ದ್ರೌಪದಿ ನಿಂತೇ ಇದ್ದಳು. ಅವಳು ಕತ್ತು ತಿರುಗಿಸಿ ಯಾರನ್ನೂ ಹುಡುಕಲಿಲ್ಲ, ನೇರವಾಗಿ ನಜಮುನ್ನಿಸಾಳನ್ನು ನೋಡಿದಳು. ನಜಮುನ್ನಿಸಾಳ ನಾಲಿಗೆಯ ತುದಿಗೆ ಬಂದ ಮಾತು ಅಲ್ಲೇ ಅಂಟಿಕೊಂಡಿತು. ಅವಳು ಜಮಖಾನೆಯಲ್ಲಿ ಬಿಟ್ಟುಹೋಗಿದ್ದ ಒಂದು ನೂಲನ್ನು ಬೆರಳಿಗೆ ಸುತ್ತಿಕೊಳ್ಳತೊಡಗಿದಳು. ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು. ಸುಮಂಗಲಾಳ ಪೆನ್ನು ಕಾಗದದ ಮೇಲೆ ಎತ್ತಿದ್ದು ಎತ್ತಿದಂತೆಯೇ ನಿಂತಿತ್ತು.

“ಅನುಮೋದನೆ ಇಲ್ಲ ಅಂದ್ರ ವಿಷಯ ಬಿತ್ತು,” ಎಂದರು ಮಹಾನಂದಾ. “ಮುಂದಿನದು ತಗೋರಿ.”

ದ್ರೌಪದಿ ಕೂತಳು. ಮಾತು ಬಿದ್ದ ಸದ್ದು ಯಾರಿಗೂ ಕೇಳಲಿಲ್ಲ. ಕೇಳಬೇಕಾದವಳೊಬ್ಬಳಿಗೆ ಕೇಳಿತು.

ಸಭೆ ಮುಗಿದು ಚಹಾ ಬಂತು. ಎಲ್ಲರೂ ಕುಡಿದರು. ನಜಮುನ್ನಿಸಾಳೂ ಕುಡಿದಳು, ಕೈಗೆ ಕೊಟ್ಟದ್ದನ್ನು ಬೇಡ ಎನ್ನಲಾಗದೆ. ದ್ರೌಪದಿ ಚಪ್ಪಲಿ ಮೆಟ್ಟಿಕೊಳ್ಳುತ್ತ ಅವಳ ಪಕ್ಕದಲ್ಲಿ ಒಂದು ಗಳಿಗೆ ನಿಂತಳು. ಬೈಯಲಿಲ್ಲ, ಅಳಲಿಲ್ಲ.

“ಚಾ ಕುಡದಿ ಏನ ನಜಮಾ?” ಎಂದಳು. ಅಷ್ಟೇ ಅಂದು ಹೊರಟುಹೋದಳು.

ಆ ಮಾತು ನಜಮುನ್ನಿಸಾಳ ಬೆನ್ನು ಹತ್ತಿತು. ಮನೆಗೆ ಹೋಗುವ ಹಾದಿಯಲ್ಲಿ ತವರಿನ ಬಾಗಿಲು. ದಾವಲಸಾಬ ಕಟ್ಟೆಯ ಮೇಲೆ ಕೂತಿದ್ದ. ಮಗಳ ಹೆಜ್ಜೆಯ ಸಪ್ಪಳ ಗುರುತಿಸಿದ.

“ಬಾ ಬೇಟಿ. ಇವತ್ತ ಭೀಮಶಾನ ಮಗಳು ಸಭಾದಾಗ ಎದ್ದ ನಿಂತಿದ್ಲಂತ. ಶಾಭಾಸ್! ಸೊಲ್ಲು ಯಾರು ಹಿಡದ್ರು?”

ನಜಮುನ್ನಿಸಾ ಬಾಗಿಲ ಚೌಕಟ್ಟು ಹಿಡಿದು ನಿಂತಳು.

“ಯಾರೂ ಹಿಡೀಲಿಲ್ಲ, ಅಬ್ಬಾ.”

“ನೀ ಅಲ್ಲೇ ಇದ್ದಿಲ್ಲೇನು?”

“ಇದ್ದೆ.”

ಮುದುಕ ಮಂಜಾದ ಕಣ್ಣನ್ನು ಬೀದಿಯ ಕಡೆಗೆ ತಿರುಗಿಸಿದ. ಯಾರಿಗೂ ಹೇಳದವನಂತೆ ಅಂದ: “ಒಂದ ವರ್ಷ ಅಂದೋಲಾದ ಮೇಳದವರ ಎದುರು ಸವಾಲಿಗೆ ನಿಂತಿದ್ವಿ. ಭೀಮಶಾನ ಮೈ ಜ್ವರದಿಂದ ಸುಡತಿತ್ತು. ನಾ ಬ್ಯಾಡ ಅಂದೆ. ‘ನೀ ಎತ್ತು ಮಾರಾಯ, ನಾ ಹಿಡೀತೇನಿ’ ಅಂದ. ಬೆಳಗಿನ ತನಕ ಹಿಡದ.” ಆಮೇಲೆ ತಾನೇ ಕಟ್ಟಿದ ಹಳೆಯ ಪದವೊಂದರ ಎರಡು ಸೊಲ್ಲನ್ನು ಸಣ್ಣಗೆ ಗುನುಗಿದ.

ಎತ್ತಿದವನ ಸೊಲ್ಲು ಹಿಡಿಯೋ ಒಡನಾಡಿ
ಒಂಟಿ ದನಿ ಹೋದೀತೋ ಗಾಳಿಗೂಡಿ

ನಜಮುನ್ನಿಸಾ ಅವನ ಮುಂದೆ ನಿಲ್ಲಲಾರದೆ ಹೊರಟು ಬಂದಳು. ಆ ಸಂಜೆಯ ನಮಾಜಿನಲ್ಲಿ ಹಣೆ ನೆಲಕ್ಕೆ ಇಟ್ಟಾಗ ಎತ್ತುವ ಮನಸ್ಸಾಗಲಿಲ್ಲ. ದೇವರಿಗೆ ಮುಖ ತೋರಿಸಬಹುದು, ಅವನು ಕ್ಷಮಿಸುವವನು. ದ್ರೌಪದಿಗೆ ತೋರಿಸುವುದು ಹೇಗೆ?

ಮುಂದಿನ ದಿನಗಳಲ್ಲಿ ದ್ರೌಪದಿಯ ಓಣಿ ತಪ್ಪಿಸಿ ಸುತ್ತು ಹಾಕಿ ಹೊಲಕ್ಕೆ ಹೋದಳು. ಕೊನೆಗೆ ತಡೆಯಲಾರದೆ ಒಂದು ಜಂಪರಿನ ಬಟ್ಟೆ ನೆವ ಮಾಡಿಕೊಂಡು ಸುಮಂಗಲಾಳ ಮನೆಗೆ ನಡೆದಳು. ಸುಮಂಗಲಾ ಬಟ್ಟೆ ಹೊಲಿಯುವವಳು. ಒಕ್ಕೂಟದ ನಡಾವಳಿ ಬರೆಯುವುದಕ್ಕೆಂದು ಜೇವರ್ಗಿಯಲ್ಲಿ ತರಬೇತಿ ಮುಗಿಸಿ ಬಂದವಳು. ಅಫಜಲಪುರದ ಮಗಳು, ಮಾತು ಖಾರ.

“ಅಳತಿ ಕೊಡಾಕ ಬಂದಿಯೋ, ಅಳಾಕ ಬಂದಿಯೋ?” ಎಂದಳು ಸುಮಂಗಲಾ, ಹೊಲಿಗೆ ಯಂತ್ರದಿಂದ ತಲೆ ಎತ್ತದೆ.

ನಜಮುನ್ನಿಸಾ ಎಲ್ಲವನ್ನೂ ಹೇಳಿಕೊಂಡಳು. ಮಾತು ಕೊಟ್ಟದ್ದು, ಯಾಸೀನ ಅಂದದ್ದು, ಗವಾ ಆದವರ ಪಾಡು, ಎಲ್ಲ.

ಸುಮಂಗಲಾ ಹೊಲಿಗೆ ನಿಲ್ಲಿಸಿದಳು. “ಅಯ್ಯ ಹುಚ್ಚಿ! ಅನುಮೋದನೆ ಮಾಡಾಕಿ ನಿಕಾದ ಗವಾ ಅಲ್ಲ. ಜಾಮೀನೂ ಅಲ್ಲ. ನಾಳಿ ಏನರ ಆದ್ರ ಯಾರೂ ನಿನ್ನ ಬಾಗಲಿಗೆ ಬರಂಗಿಲ್ಲ. ನಿರ್ಣಯ ಆದಮ್ಯಾಲ ಅದು ಇಡೀ ಸಭೇದು.”

“ಹಂಗಂದ್ರ ‘ನಂದು ಅನುಮೋದನೆ’ ಅಂದ್ರ ಏನರ್ಥ?”

“‘ಈ ಮಾತು ಸಭಾದಾಗ ಮಾತಾಡೂವಂಥಾದ್ದು ಅದ, ಮುಂದ ತಗೋರಿ’ ಅಂತ. ಅಷ್ಟ. ‘ನಾ ಒಪ್ಪೇನಿ’ ಅಂತನೂ ಅಲ್ಲ. ಅನುಮೋದನೆ ಮಾಡಿ, ಚರ್ಚಾ ಕೇಳಿ, ಬ್ಯಾಡ ಅನಿಸಿದ್ರ ಆಮ್ಯಾಲ ಬ್ಯಾಡ ಅಂತ ಕೈ ಎತ್ತಬಹುದು. ಯಾರೂ ಕೇಳಂಗಿಲ್ಲ.”

“ಮತ್ತ ಎರಡನೇದಾಕಿ ಯಾಕ ಬೇಕು?”

“ಒಬ್ಬೊಬ್ಬರ ಮನಸಿಗೆ ಬಂದದ್ದೆಲ್ಲಾ ಚರ್ಚಾಕ್ಕ ತಗೊಂಡ್ರ ಸಭಾ ಮುಗಿಯೂದು ಯಾವಾಗ? ಇನ್ನೊಬ್ಬಾಕಿಗರ ಬೇಕು ಅನಿಸ್ಬೇಕು. ಆಗ ಚರ್ಚಾದ ಬಾಗಲ ತೆರೀತದ. ಅನುಮೋದನೆ ಇಲ್ಲಾಂದ್ರ ಮಾತು ಒಳ್ಳೇದೋ ಕೆಟ್ಟದ್ದೋ ಅಂತ ಕೇಳೂ ಮೊದಲೇ ಬಿದ್ದ ಹೋಗ್ತದ. ದ್ರೌಪದಿ ಮಾತಿಗೆ ‘ಬ್ಯಾಡ’ ಅಂದವರು ಯಾರೂ ಇದ್ದಿಲ್ಲ, ನಜಮಾ. ಆದರೂ ಬಿತ್ತು.”

ನಜಮುನ್ನಿಸಾ ನೆಲ ನೋಡಿದಳು. “ನೀನರ ಅನಬಹುದಿತ್ತಲ್ಲಾ?”

“ನಾ ಬರಿಯಾಕಿ. ನನಗ ಠರಾವು ಇಡೂ ಹಕ್ಕಿಲ್ಲ, ಹಿಡಿಯೂ ಹಕ್ಕಿಲ್ಲ. ಹಕ್ಕಿದ್ದಾಕಿ ನೂಲು ಸುತ್ಕೋತ ಕೂತಿದ್ದಿ.” ಸುಮಂಗಲಾ ಮತ್ತೆ ಹೇಳಿದಳು, “ಇನ್ನೊಂದು ಕೇಳು. ಭವನಕ್ಕ ಕುರ್ಚಿ ತರೂಣು ಅಂತ ಹಿಂದೊಂದು ಸಭಾದಾಗ ಮಹಾನಂದಾ ಅವರ ಕಡೀಂದ ಠರಾವು ಬಂದಾಗ, ‘ಏನ ನಜಮಾ, ಅನುಮೋದನೆ ಅದ ಇಲ್ಲೋ’ ಅಂತ ನಿನ್ನ ಕಡೆ ನೋಡಿದ್ರು. ನೀ ಏನಂದಿ?”

“‘ಹೂಂನ್ರಿ’ ಅಂದೆ.”

“ಅದೇ ಅನುಮೋದನೆ! ಇಲ್ಲೀತನಕ ಒಂದರ ಕುರ್ಚಿ ಕಾಲು ಮುರಕೊಂಡು ನಿನ್ನ ಬಾಗಲಿಗೆ ಬಂದದ ಏನು?”

ನಗಬೇಕಾದ ಮಾತು. ನಜಮುನ್ನಿಸಾಳಿಗೆ ನಗು ಬರಲಿಲ್ಲ. ವಾಡೆಯವರ ಮಾತಿಗೆ ಅವಳ ತಲೆ ತಾನಾಗಿ ಆಡಿತ್ತು. ಗೆಳತಿಯ ಮಾತಿಗೆ ಬಾಯಿ ಬಿಡಲಿಲ್ಲ. ಹಾಗಾದರೆ ಅವಳನ್ನು ತಡೆದದ್ದು ಗವಾ ಆಗುವ ಅಂಜಿಕೆ ಒಂದೇ ಅಲ್ಲ. ಯಾರ ಮಾತು ಎಂಬುದನ್ನೂ ಅವಳ ನಾಲಿಗೆ ನೋಡಿಕೊಂಡಿತ್ತು. ಗಂಡನ ಮೇಲೆ ಹಾಕಿದ್ದ ತಪ್ಪು ತಿರುಗಿ ಬಂದು ಅವಳ ಮಡಿಲಲ್ಲೇ ಕೂತಿತು.

“ಬಿದ್ದದ್ದು ಬಿದ್ದೇ ಹೋತೇನು?” ಎಂದು ಮೆಲ್ಲಗೆ ಕೇಳಿದಳು.

“ಇಲ್ಲ. ಮುಂದಿನ ಸಭಾಕ್ಕ ಮತ್ತ ತರಬಹುದು. ಮೊದಲೇ ನನಗ ಹೇಳಿದ್ರ ವಿಷಯದ ಪಟ್ಟಿಗೆ ಹಾಕ್ತೇನಿ. ಹೋಗು, ದ್ರೌಪದಿಗೆ ಹೇಳು.”

ಅಲ್ಲಿಂದ ಎದ್ದವಳು ಸುತ್ತು ಹಾಕದೆ ನೇರವಾಗಿ ವಿಹಾರದ ಓಣಿಗೆ ಹೋದಳು. ದ್ರೌಪದಿ ಜೋಳ ಹಸನು ಮಾಡುತ್ತಿದ್ದಳು. ನಜಮುನ್ನಿಸಾ ಹೊಸ್ತಿಲ ಹೊರಗೇ ನಿಂತಳು. ಒಳಗೆ ಕಾಲಿಡುವ ಧೈರ್ಯ ಬರಲಿಲ್ಲ.

“ಹೊರಗ ಯಾಕ ನಿಂತಿ? ಬಾ ಒಳಗ,” ಎಂದಳು ದ್ರೌಪದಿ.

ಆ ಎರಡು ಮಾತಿಗೆ ನಜಮುನ್ನಿಸಾಳ ಕಣ್ಣು ತುಂಬಿತು. “ತಪ್ಪಾತಕ್ಕ. ಅಂಜಿದೆ. ಯಂತ್ರದ ಜಿಮ್ಮಾ ನನ್ನ ಮ್ಯಾಲೆ ಬರ್ತದ ಅಂತ ಅಂಜಿದೆ. ಅದಲ್ಲದ, ಗೌಡ್ತ್ಯಾರ ಎದುರು ನಿನ್ನ ಕಡೆ ಆಗಾಕೂ ಅಂಜಿದೆ.”

ದ್ರೌಪದಿ ಮೊರದಲ್ಲಿನ ಕಲ್ಲು ಆರಿಸುತ್ತಲೇ ಇದ್ದಳು. “ಖರೇ ಹೇಳಿದಿ. ಚಲೋ ಆತು.”

“ಮುಂದಿನ ಸಭಾದಾಗ ಮತ್ತ ಠರಾವು ಇಡು ಅಕ್ಕ. ಈ ಸಲ ನಾ ಹಿಡೀತೇನಿ.”

“ನಾ ಇಡಂಗಿಲ್ಲ. ‘ಬಿತ್ತು’ ಅಂದಾಗ ನನ್ನ ಸೊಸಿ ಅಲ್ಲೇ ಬಾಗಲಾಗ ನಿಂತಿದ್ಲು. ಇನ್ನೊಮ್ಮೆ ಅಕಿ ಮುಂದ ಬೀಳಾಕ ನನ್ನ ಕಡೆ ಆಗಂಗಿಲ್ಲ.”

ನಜಮುನ್ನಿಸಾ ಸೆರಗಿನಿಂದ ಮುಖ ಒರೆಸಿಕೊಂಡಳು. “ಹಂಗಾರ ನಾ ಎತ್ತತೇನಿ.”

ದ್ರೌಪದಿ ಮೊದಲ ಸಲ ತಲೆ ಎತ್ತಿ ಅವಳನ್ನು ನೋಡಿದಳು. “ಎತ್ತು. ಯಾರು ಹಿಡೀತಾರ ನೋಡೂಣು.”

ಮುಂದಿನ ಸಭೆಯ ದಿನ ಭವನ ತುಂಬಿತ್ತು. ದ್ರೌಪದಿ ಬಾಗಿಲ ಹತ್ತಿರ ಕೂತಿದ್ದಳು. ಸುಮಂಗಲಾ ವಿಷಯ ಓದಿದಳು. ನಜಮುನ್ನಿಸಾ ಎದ್ದು ನಿಂತಳು.

“ರೊಟ್ಟಿ ಯಂತ್ರ ಭವನಕ್ಕ ತರಬೇಕು ಅಂತ ನಾ ಠರಾವು ಇಡ್ತೇನ್ರಿ.”

“ಮತ್ತ ಅದೇ ಮಾತು,” ಎಂದರು ಮಹಾನಂದಾ. “ಅನುಮೋದನೆ ಯಾರದು?”

ಅದೇ ಫ್ಯಾನು, ಅದೇ ಕಟಕಟ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಒಬ್ಬಳು ಬಳೆ ತಿರುಗಿಸಿಕೊಂಡಳು. ಇನ್ನೊಬ್ಬಳು ಕೂಸಿನ ಮೂಗು ಒರೆಸಿದಳು. ನಿಂತವಳಿಗೆ ಕೂತವರ ತಲೆಗಳಷ್ಟೇ ಕಾಣುತ್ತವೆ, ಕಣ್ಣು ಕಾಣುವುದಿಲ್ಲ ಎಂದು ನಜಮುನ್ನಿಸಾಳಿಗೆ ಆಗ ತಿಳಿಯಿತು. ಭವನದ ತುಂಬ ಜನರಿದ್ದೂ ಬಯಲಲ್ಲಿ ಒಬ್ಬಳೇ ನಿಂತಂತೆ. ಅವತ್ತು ದ್ರೌಪದಿಯೂ ಹೀಗೇ ನಿಂತಿದ್ದಳು. ಹೀಗೇ ನಿಂತು, ತನ್ನ ಕಡೆ ನೋಡಿದ್ದಳು. ತಾನು ನೂಲು ನೋಡುತ್ತಿದ್ದಳು.

ಬಾಗಿಲ ಕಡೆ ನೋಡುವ ಮುಖ ಅವಳಿಗಿರಲಿಲ್ಲ. ಯಾವ ಬಾಯಿಂದ ಬೇಡುವುದು?

“ಅನುಮೋದನೆ ಇಲ್ಲ ಅಂದ್ರ...” ಎಂದು ಮಹಾನಂದಾ ಶುರು ಮಾಡಿದರು.

“ಅದ ರೀ,” ಎಂಬ ದನಿ ಬಂತು. “ನಂದು ಅನುಮೋದನೆ.”

ದ್ರೌಪದಿ ಎದ್ದು ನಿಂತಿದ್ದಳು. ಸುಮಂಗಲಾಳ ಪೆನ್ನು ಕಾಗದದ ಮೇಲೆ ಸರಸರ ಓಡಿತು.

ಚರ್ಚೆಯ ಬಾಗಿಲು ತೆರೆಯಿತು ನೋಡಿ, ಆಮೇಲೆ ಮಾತಿಗೆ ಬರವಿರಲಿಲ್ಲ. ಭವನದ ಬೀಗ ಗಟ್ಟಿಯಿಲ್ಲ ಎಂದರು ಮಹಾನಂದಾ. ಹೊಸ ಬೀಗ ಹಾಕೋಣ ಎಂದರು ನಾಲ್ಕು ಜನ. ಮೀಟರಿನ ಮಾತು ಬಂತು, ಕೀಲಿಕೈ ಯಾರ ಹತ್ತಿರ ಎಂಬ ಮಾತು ಬಂತು. ವಾಡೆಯ ಪಕ್ಕದ ಮನೆಯ ಮುದುಕಿಯೊಬ್ಬಳು, “ಯಂತ್ರ ಇಲ್ಲಿಗೆ ಬಂದ್ರ ನನಗ ದೂರ ಆಗ್ತದ, ನಾ ಬ್ಯಾಡ ಅಂತನೇ ಕೈ ಎತ್ತತೇನಿ. ಆದ್ರ ಆ ಹುಡುಗೀರು ಬಿಸಲಾಗ ನಿಂದ್ರೂದು ನೋಡಿ ನನಗ ಊಟ ಸೇರತಿದ್ದಿಲ್ಲ” ಎಂದಳು.

ಮಹಾನಂದಾ ಅವರ ದನಿ ಸಣ್ಣದಾಯಿತು. “ಒಳಗ ಬರಬ್ಯಾಡ್ರಿ ಅಂತ ನಾ ಯಾರಿಗೂ ಅಂದಿಲ್ಲ.”

“ಬರ್ರಿ ಅಂತನೂ ಅಂದಿಲ್ರಿ, ಅಕ್ಕಾರ,” ಎಂದಳು ದ್ರೌಪದಿ. ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ಅದಕ್ಕೇ ಅದು ಎಲ್ಲರಿಗೂ ತಾಗಿತು. ಮಹಾನಂದಾ ತಲೆ ತಗ್ಗಿಸಿದರು. ಅವರೊಬ್ಬರೇ ಅಲ್ಲ.

ಕೈ ಎತ್ತಿಸಿದರು. ಯಂತ್ರ ಭವನಕ್ಕೆ ಬರಲಿ ಎಂದವರೇ ಹೆಚ್ಚಾದರು. ಮುದುಕಿ ಹೇಳಿದಂತೆಯೇ ಬೇಡ ಎಂದು ಕೈ ಎತ್ತಿದಳು, ಎತ್ತಿ ದ್ರೌಪದಿಯ ಕಡೆ ನೋಡಿ ಬೊಚ್ಚು ಬಾಯಿ ತೆರೆದು ನಕ್ಕಳು.

ಚಹಾ ಬಂದಾಗ ನಜಮುನ್ನಿಸಾ ಒಂದು ಕಪ್ಪು ತಾನೇ ಒಯ್ದು ದ್ರೌಪದಿಯ ಕೈಗಿಟ್ಟಳು.

“ನನ್ನ ಮಾತು ಬೀಳೂ ಹೊತ್ತಿನತನಕ ತಡದಿ ಅಲ್ಲ? ನನಗ ಗೊತ್ತಾಗಲಿ ಅಂತ?”

“ಇಲ್ಲ ಬೇ,” ಎಂದಳು ದ್ರೌಪದಿ. “ನನ್ನ ಬಾಯೂ ಒಣಗಿತ್ತು. ಅಂಜಿಕಿ ನಿನಗೊಬ್ಬಾಕಿಗೇ ಇರ್ತದ ಏನು?” ಎಂದು ಚಹಾ ಕುಡಿದಳು.

ದಾವಲಸಾಬ ಅಂದೂ ಕಟ್ಟೆಯ ಮೇಲೇ ಇದ್ದ. ಅಂದು ಯಾಸೀನನೂ ಅವನ ಜೊತೆ ಕೂತಿದ್ದ. “ಸೊಲ್ಲು ಯಾರು ಹಿಡದ್ರು ಬೇಟಿ?” ಎಂದ ಮುದುಕ.

“ಭೀಮಶಾ ಕಾಕಾನ ಮಗಳು.”

ಮುದುಕ ಎದೆಯ ಮೇಲೆ ಕೈ ಇಟ್ಟುಕೊಂಡು ಕಣ್ಣು ಮುಚ್ಚಿದ. ನಜಮುನ್ನಿಸಾ ಗಂಡನಿಗೆ ಸುಮಂಗಲಾ ಹೇಳಿದ್ದನ್ನೆಲ್ಲ ಬಿಡಿಸಿ ಹೇಳಿದಳು. ಯಾಸೀನ ತಲೆ ಕೆರೆದುಕೊಂಡ. “ನಮ್ಮ ರೈತರ ಸೊಸೈಟ್ಯಾಗ ಅಣ್ಣಾರಾಯ ಪಾಪ ಪ್ರತಿ ಸಭಾಕ್ಕೂ ಗೋದಾಮು ಸೋರತದ ಅಂತ ಎದ್ದ ನಿಂದ್ರತಾನ. ಯಾರೂ ಹಿಡಿಯಂಗಿಲ್ಲ, ಕೂತು ಬಿಡ್ತಾನ. ನಾನೂ ಅಲ್ಲೇ ಇರ್ತೇನಿ.” ಮಾತು ಮುಗಿಸುವಾಗ ಅವನ ದನಿ ಇಳಿದಿತ್ತು. “ಈ ಸಲ ಹಿಡೀತೇನಿ.”

ಈಗ ಯಂತ್ರ ಭವನದಲ್ಲಿದೆ. ದ್ರೌಪದಿಯ ಸೊಸೆ ತನ್ನ ಪಾಳಿಗೆ ತಾನೇ ಬೋಗಾಣಿ ಒಯ್ದು ತಾನೇ ಯಂತ್ರಕ್ಕೆ ಹಿಟ್ಟು ಹಾಕುತ್ತಾಳೆ. ಆದರೂ ಜಮಖಾನೆಯ ಮೇಲೆ ಕೂತಾಗೆಲ್ಲ ನಜಮುನ್ನಿಸಾಳ ಕಣ್ಣು ಆ ಬಿಚ್ಚಿದ ನೂಲಿನ ಮೇಲೆ ಬೀಳುತ್ತದೆ. ಅದನ್ನು ಕಿತ್ತುಹಾಕಬೇಕೆಂದು ಅವಳಿಗೆ ಎಂದೂ ಅನಿಸಿಲ್ಲ. ಇರಲಿ, ನೆನಪಿಗೆ ಬೇಕು.

ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಅಕ್ಕಂದಿರೇ, ಅಣ್ಣಂದಿರೇ, ಇದನ್ನು ಓದಿದವರೂ ಓದಿಸಿ ಕೇಳಿದವರೂ ಒಮ್ಮೆ ನಿಮ್ಮ ಸಂಘದ ಸಭೆಯನ್ನು ನೆನೆಯಿರಿ. ಯಾರೋ ಒಬ್ಬರು ಎದ್ದು ನಿಂತು ನ್ಯಾಯದ ಮಾತು ಆಡಿರುತ್ತಾರೆ. ಆಗ ನೀವು ಎಲ್ಲಿ ನೋಡುತ್ತಿದ್ದಿರಿ? ಅನುಮೋದನೆ ಎಂದರೆ ಜಾಮೀನಲ್ಲ, ಹೊರೆಯಲ್ಲ. ‘ಈ ಮಾತನ್ನು ಕೇಳೋಣ’ ಎಂದು ಹೇಳುವುದು, ಅಷ್ಟೇ. ಒಪ್ಪುವುದು, ಬಿಡುವುದು ಆಮೇಲಿನ ಮಾತು. ನಿಮ್ಮ ಸಂಘದ ನಿಯಮ ಏನಿದೆ ಎಂದು ನಡಾವಳಿ ಬರೆಯುವವರನ್ನು ಕೇಳಿ ತಿಳಿದುಕೊಳ್ಳಿ. ವಾಡೆಯಿಂದ ಬಂದ ಮಾತಿಗೆ ಆಡುವ ತಲೆ ಓಣಿಯಿಂದ ಬಂದ ಮಾತಿಗೂ ಆಡಲಿ. ಮುಂದಿನ ಸಭೆಯಲ್ಲಿ ‘ಅನುಮೋದನೆ ಯಾರದು’ ಎಂದು ಕೇಳಿದಾಗ, ನಿಂತವರನ್ನು ಒಂಟಿಯಾಗಿ ಬಿಡಬೇಡಿ. ಬಾಯಿ ಒಣಗಿದ್ದರೂ ಸರಿ, ಎದ್ದು ನಿಂತು ‘ನಂದು’ ಅನ್ನಿರಿ.